ಜರ್ಮನಿಯ ಕಾರ್ಡ್ ಇದ್ದರೆ ದುಬೈ, ಜಾರ್ಜಿಯಾಕ್ಕೆ ವೀಸಾ ಬೇಡವೇ?

ಪ್ರಶ್ನೆ: ನಾನು ಮೂರು ವರ್ಷದಿಂದ ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಜರ್ಮನಿಯ ಬ್ಲೂ ಕಾರ್ಡ್ (ಪರಿಣತ ಕೆಲಸಗಾರರಿಗೆ ಕೊಡುವ ತಾತ್ಕಾಲಿಕ ರೆಸಿಡೆನ್ಸ್ ಪರ್ಮಿಟ್) ಇದೆ, ಏಪ್ರಿಲ್ 20ಕ್ಕೆ ಮುಗಿಯುತ್ತದೆ. ಹೆಂಡತಿಯ ರೆಸಿಡೆನ್ಸ್ ಪರ್ಮಿಟ್ ಕೂಡ ಅವತ್ತೇ ಮುಗಿಯುತ್ತದೆ. ಎಲ್ಲರದ್ದೂ ಭಾರತದ ಪಾಸ್‌ಪೋರ್ಟ್. ಡಿಸೆಂಬರ್‌ನಲ್ಲಿ ಬೆಂಗಳೂರಿನ ವಿಜಯನಗರದ ಮನೆಗೆ ಬರುತ್ತೇವೆ. 28ರಂದು ಅಪ್ಪ-ಅಮ್ಮನನ್ನೂ ಕರೆದುಕೊಂಡು ಹೊರಟು ದುಬೈನಲ್ಲಿ ಮೂರು ದಿನ, ಜಾರ್ಜಿಯಾದ ಟಿಬಿಲಿಸಿಯಲ್ಲಿ ಐದು ದಿನ ಇದ್ದು ಮ್ಯೂನಿಕ್ ಸೇರುವ ಯೋಚನೆ. ಅಮ್ಮ ಹಿಂದೆ ಎರಡು ಸಲ ಬಂದು ಹೋಗಿರುವುದರಿಂದ ಈಗ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ (ಯುರೋಪಿನ 29 ದೇಶಗಳಿಗೆ ಒಂದೇ ವೀಸಾ) ಸಿಕ್ಕಿದೆ. ಅಪ್ಪ ಮೊದಲ ಸಲ ಹೊರಡುತ್ತಿದ್ದಾರೆ, ಅವರದ್ದು ಸಿಂಗಲ್ ಎಂಟ್ರಿ. ಅವರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದೆ, ಸರ್‌ನೇಮ್ ಜಾಗ ಖಾಲಿ. ಡಲ್ಲಾಸ್‌ನಲ್ಲಿ ಎಚ್-1ಬಿ ಉದ್ಯೋಗ ವೀಸಾ ಮೇಲಿರುವ ನನ್ನ ಭಾಮೈದ ಟಿಬಿಲಿಸಿಗೇ ಬಂದು ಸೇರಿಕೊಳ್ಳುತ್ತಾನಂತೆ. ಅವನ ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟ್ಯಾಂಪ್ ಮುಗಿದಿದೆ, ಐ-797 ಮಂಜೂರಾತಿ ಪತ್ರ ಮಾತ್ರ ಚಾಲ್ತಿಯಲ್ಲಿದೆ. ನಮ್ಮ ಟ್ರಾವೆಲ್ ಏಜೆಂಟ್ ‘ಯುರೋಪಿನ ಕಾರ್ಡ್ ಇದ್ದರೆ ಐವತ್ತು ದೇಶಕ್ಕೆ ವೀಸಾ ಬೇಡ, ಜೊತೆಯಲ್ಲಿರುವ ಕುಟುಂಬಕ್ಕೂ ನಡೆಯುತ್ತದೆ’ ಎನ್ನುತ್ತಾರೆ. ನಂಬಿ ಟಿಕೆಟ್ ಮಾಡಿಸಲೇ? ಏರ್‌ಪೋರ್ಟ್‌ನಲ್ಲಿ ವಯಸ್ಸಾದವರನ್ನು ನಿಲ್ಲಿಸಿಬಿಟ್ಟರೆ ಏನು ಮಾಡುವುದು?

ಉತ್ತರ: ಟಿಕೆಟ್ ಇನ್ನೂ ಮಾಡಿಸಿಲ್ಲ ಎಂದಾದರೆ ಒಳ್ಳೆಯದಾಯಿತು. ಏಜೆಂಟ್ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆದರೆ ನಿಮ್ಮ ಐದು ಜನರ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಈಗಿನ ಯೋಜನೆಯಲ್ಲಿ ಯಾರೊಬ್ಬರ ದಾರಿಯೂ ಪೂರ್ತಿ ಸಲೀಸಾಗಿಲ್ಲ. ಅತ್ಯಂತ ಗಟ್ಟಿ ದಾಖಲೆ ಇರುವುದು ನಿಮ್ಮದು. ಅದಕ್ಕೂ ದುಬೈನಲ್ಲಿ ತೊಡಕಿದೆ.

ಮೊದಲು ‘ಕುಟುಂಬಕ್ಕೂ ನಡೆಯುತ್ತದೆ’ ಎಂಬ ಮಾತನ್ನು ಪಕ್ಕಕ್ಕಿಡಿ. ನಿಮ್ಮ ಕಾರ್ಡ್ ನಿಮಗೆ, ನಿಮ್ಮ ಹೆಂಡತಿಯ ಕಾರ್ಡ್ ಅವರಿಗೆ. ಅಪ್ಪ-ಅಮ್ಮ ತಮ್ಮ ಪಾಸ್‌ಪೋರ್ಟ್‌ನಲ್ಲಿ ಅಂಟಿಸಿರುವ ವೀಸಾದ ಬಲದ ಮೇಲೆಯೇ ಹೋಗಬೇಕು. ‘ಐವತ್ತು ದೇಶ’ ಎಂಬ ಪಟ್ಟಿಗಳೂ ಕಲಬೆರಕೆಯವು. ನೇಪಾಳ, ಭೂತಾನ್, ಮಾರಿಷಸ್‌ನಂಥ ದೇಶಗಳು ಯಾವ ಕಾರ್ಡೂ ಇಲ್ಲದ ಭಾರತೀಯರನ್ನೇ ವೀಸಾ ಕೇಳದೆ ಬಿಟ್ಟುಕೊಳ್ಳುತ್ತವೆ. ಅವನ್ನೂ ಎಣಿಕೆಗೆ ಸೇರಿಸಿ ಸಂಖ್ಯೆ ದೊಡ್ಡದು ಮಾಡಿರುತ್ತಾರೆ.

ಇನ್ನು ಕಾರ್ಡಿನ ನಿಜವಾದ ಬಲ ಎಲ್ಲಿದೆ ಎನ್ನುವುದು. ಷೆಂಗೆನ್ ವಲಯದೊಳಗೆ ಅದು ಹಕ್ಕು. ಜರ್ಮನಿಯ ಪರ್ಮಿಟ್ ಹಿಡಿದು ಉಳಿದ 28 ದೇಶಗಳಲ್ಲಿ, ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನ ಇರಬಹುದು. ಜರ್ಮನಿಯಲ್ಲಿ ಕಳೆದ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಕ್ರೊಯೇಷಿಯಾ 2023ರ ಜನವರಿಯಲ್ಲಿ ಸೇರಿತು. ಬಲ್ಗೇರಿಯಾ, ರೊಮೇನಿಯಾ 2025ರ ಜನವರಿ 1ರಿಂದ ಪೂರ್ತಿಯಾಗಿ ಒಳಗಿವೆ. ಐರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿದ್ದರೂ ಷೆಂಗೆನ್ ಅಲ್ಲ, ಅಲ್ಲಿಗೆ ಬೇರೆ ವೀಸಾ ಬೇಕೇ ಬೇಕು. ಬ್ರಿಟನ್ನಿಗೂ ಅಷ್ಟೆ.

ಷೆಂಗೆನ್‌ನ ಗಡಿ ದಾಟಿದ ಮೇಲೆ ಅದು ಹಕ್ಕಾಗಿ ಉಳಿಯುವುದಿಲ್ಲ, ರಿಯಾಯಿತಿ ಆಗುತ್ತದೆ. ಜಾರ್ಜಿಯಾಕ್ಕೆ ಹೋಗುವ ಅನುಮತಿಯನ್ನು ಜರ್ಮನಿ ಕೊಡಲು ಬರುವುದಿಲ್ಲ. ‘ಜರ್ಮನಿ ಇವರನ್ನು ಒಮ್ಮೆ ಪರೀಕ್ಷಿಸಿದೆ, ಇವರಿಗೆ ವಾಪಸ್ ಹೋಗಲು ಕೆಲಸವಿದೆ, ಮನೆಯಿದೆ, ಇಲ್ಲೇ ಉಳಿದುಬಿಡುವ ಸಂಭವ ಕಡಿಮೆ’ ಎಂದುಕೊಂಡು ಜಾರ್ಜಿಯಾ ತಾನಾಗಿ ವೀಸಾ ಕೇಳುವುದನ್ನು ಬಿಡುತ್ತದೆ. ರಿಯಾಯಿತಿ ಅವರದ್ದಾದ್ದರಿಂದ ಷರತ್ತೂ ಅವರದ್ದೇ, ಬದಲಾಯಿಸುವವರೂ ಅವರೇ. ಆದ್ದರಿಂದ ನೀವು ಓದಬೇಕಾದದ್ದು ಜರ್ಮನಿಯ ನಿಯಮವನ್ನಲ್ಲ, ಹೋಗುವ ದೇಶದ ವಿದೇಶಾಂಗ ಇಲಾಖೆಯ ಪುಟವನ್ನು. ಅದೂ ಪದ ಪದವಾಗಿ.

ಪದ ಪದವಾಗಿ ಎನ್ನಲು ಕಾರಣವಿದೆ. ವೀಸಾ, ತಾತ್ಕಾಲಿಕ ರೆಸಿಡೆನ್ಸ್ ಪರ್ಮಿಟ್, ಪರ್ಮನೆಂಟ್ ರೆಸಿಡೆನ್ಸಿ ಎಂಬ ಮೂರನ್ನು ನಾವು ಮಾತಿನಲ್ಲಿ ಒಂದೇ ಎಂಬಂತೆ ಬಳಸುತ್ತೇವೆ. ಕಾನೂನು ಹಾಗೆ ಬಳಸುವುದಿಲ್ಲ. ಮೆಕ್ಸಿಕೊ ನೋಡಿ: ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ಸಾಕು, ಷೆಂಗೆನ್ ದೇಶದ ಪರ್ಮನೆಂಟ್ ರೆಸಿಡೆನ್ಸಿ ಇದ್ದರೂ ಸಾಕು. ನಡುವೆ ನಿಂತ ಬ್ಲೂ ಕಾರ್ಡ್ ಈ ಎರಡರಲ್ಲಿ ಯಾವುದೂ ಅಲ್ಲ. ಅಂದರೆ ಕಾಗದದ ಮೇಲೆ ನಿಮ್ಮ ಅಮ್ಮನ ಟೂರಿಸ್ಟ್ ವೀಸಾ ಅಲ್ಲಿ ನಿಮ್ಮ ಕಾರ್ಡಿಗಿಂತ ಹೆಚ್ಚು ಬೆಲೆಬಾಳುತ್ತದೆ! ಸಿಂಗಾಪುರದ 96 ಗಂಟೆಗಳ ವೀಸಾ ರಹಿತ ಟ್ರಾನ್ಸಿಟ್ ಭಾರತೀಯರಿಗೆ ಲಭ್ಯ. ಆದರೆ ಯುರೋಪಿನಿಂದ ಜರ್ಮನಿ, ಸ್ವಿಟ್ಜರ್‌ಲೆಂಡ್, ಬ್ರಿಟನ್ ಮಾತ್ರ ಅವರ ಪಟ್ಟಿಯಲ್ಲಿವೆ. ನಿಮ್ಮ ಕಾರ್ಡ್ ನಡೆಯುತ್ತದೆ, ಆಮ್‌ಸ್ಟರ್‌ಡ್ಯಾಮ್‌ನಲ್ಲಿರುವ ನಿಮ್ಮ ಸ್ನೇಹಿತರ ಕಾರ್ಡ್ ನಡೆಯುವುದಿಲ್ಲ. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರಿಗೆ ಕೆನಡಾ ವೀಸಾ ಕೇಳುವುದಿಲ್ಲ; ಕೆನಡಾದ ಪರ್ಮನೆಂಟ್ ರೆಸಿಡೆನ್ಸಿ ಇರುವ ಭಾರತೀಯರಿಗೆ ಅಮೆರಿಕ ವೀಸಾ ಕೇಳುತ್ತದೆ. ‘ಅಲ್ಲಿ ನಡೆಯಿತು, ಇಲ್ಲೂ ನಡೆಯುತ್ತದೆ’ ಎಂದು ಊಹಿಸುವುದಕ್ಕೆ ಇಲ್ಲಿ ಜಾಗವೇ ಇಲ್ಲ.

ದುಬೈ: ಅಡ್ಡ ಬರುವುದು ಆರು ತಿಂಗಳು

ಯುರೋಪಿಯನ್ ಯೂನಿಯನ್‌ನ ರೆಸಿಡೆನ್ಸಿ ಇರುವ ಭಾರತೀಯರಿಗೆ ಯುಎಇ 14 ದಿನಗಳ ವೀಸಾ ಆನ್ ಅರೈವಲ್ ಕೊಡುತ್ತದೆ, ಶುಲ್ಕ 100 ದಿರ್ಹಾಮ್. ಹಣ ಕಟ್ಟಿ ಪಡೆಯುವುದಾದ್ದರಿಂದ ಇದು ‘ವೀಸಾ ಬೇಡ’ ಅಲ್ಲ. ಷರತ್ತು ಇಷ್ಟು: ಪಾಸ್‌ಪೋರ್ಟ್‌ಗೂ ಆರು ತಿಂಗಳ ಅವಧಿ ಉಳಿದಿರಬೇಕು, ರೆಸಿಡೆನ್ಸಿಗೂ ಆರು ತಿಂಗಳು ಉಳಿದಿರಬೇಕು. ಡಿಸೆಂಬರ್ 28ರಿಂದ ಏಪ್ರಿಲ್ 20ಕ್ಕೆ ಎಣಿಸಿ, ನಾಲ್ಕು ತಿಂಗಳೂ ತುಂಬುವುದಿಲ್ಲ. ಪಾಸ್‌ಪೋರ್ಟ್‌ನ ಆರು ತಿಂಗಳನ್ನು ಎಲ್ಲರೂ ನೋಡಿಕೊಳ್ಳುತ್ತಾರೆ, ಕಾರ್ಡಿನದನ್ನು ಬಹಳ ಜನ ಮರೆಯುತ್ತಾರೆ. ನೀವೂ ನಿಮ್ಮ ಹೆಂಡತಿಯೂ ಇಲ್ಲಿ ಸಿಕ್ಕಿಕೊಳ್ಳುವುದು ಇದರಲ್ಲಿ. ದುಬೈ ಬೇಕೇ ಬೇಕೆಂದರೆ ನಾಲ್ವರಿಗೂ ಸಾಮಾನ್ಯ ಟೂರಿಸ್ಟ್ ವೀಸಾವನ್ನು ಮುಂಚಿತವಾಗಿ ಮಾಡಿಸಿಬಿಡಿ. ಏರ್‌ಲೈನ್ ಮೂಲಕವೇ ಆಗುತ್ತದೆ.

ಆದರೆ ಅಪ್ಪನಿಗೆ ಅಲ್ಲೂ ಒಂದು ಗಂಟು ಇದೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು ಇನ್ನೊಂದು ಜಾಗ ಖಾಲಿ ಇರುವವರಿಗೆ ಟೂರಿಸ್ಟ್ ವೀಸಾ, ವೀಸಾ ಆನ್ ಅರೈವಲ್ ಎರಡನ್ನೂ 2022ರ ನವೆಂಬರ್‌ನಿಂದ ಯುಎಇ ನಿಲ್ಲಿಸಿದೆ. ಮನೆತನದ ಹೆಸರು ಇಟ್ಟುಕೊಳ್ಳದೆ, ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್‌ನಲ್ಲೇ ಬದುಕು ನಡೆಸಿದ ನಮ್ಮ ಹಿರಿಯರಿಗೆ ಈ ನಿಯಮ ತಟ್ಟಿದಷ್ಟು ಬೇರೆಯವರಿಗೆ ತಟ್ಟಿಲ್ಲ. ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಅದನ್ನು ಪರಿಗಣಿಸುತ್ತಾರೆ ಎಂಬ ಸ್ಪಷ್ಟನೆ ಆಮೇಲೆ ಬಂದಿದೆ. ಆದರೂ ನೀವು ಹತ್ತುವ ಏರ್‌ಲೈನ್‌ನಿಂದ ‘ಈ ಪಾಸ್‌ಪೋರ್ಟ್‌ಗೆ ಬೋರ್ಡಿಂಗ್ ಕೊಡುತ್ತೇವೆ’ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳದೆ ಹಣ ಕಟ್ಟಬೇಡಿ.

ಹಾಗಾದರೆ ಮಾರತ್ತಹಳ್ಳಿಗೋ ಲಾಲ್‌ಬಾಗ್ ರಸ್ತೆಗೋ ಹೋಗಿ ಪಾಸ್‌ಪೋರ್ಟ್ ರೀಇಷ್ಯೂ ಮಾಡಿಸಿ ಸರ್‌ನೇಮ್ ಹಾಕಿಸಿಬಿಡೋಣ ಎಂದು ನಿಮಗೆ ತೋಚಬಹುದು. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000. ಮುಂದೊಂದು ದಿನ ಖಂಡಿತ ಮಾಡಿಸಿ, ಆದರೆ ಈಗ ಬೇಡ. ಅಪ್ಪನ ಷೆಂಗೆನ್ ವೀಸಾ ಹಳೆಯ ಪಾಸ್‌ಪೋರ್ಟ್‌ನಲ್ಲಿ, ಹಳೆಯ ಹೆಸರಿನಲ್ಲಿದೆ. ಪಾಸ್‌ಪೋರ್ಟ್ ನಂಬರ್ ಮಾತ್ರ ಬದಲಾದರೆ ಎರಡನ್ನೂ ಒಟ್ಟಿಗೆ ತೋರಿಸಿ ಹೋಗಬಹುದು. ಹೆಸರೇ ಬದಲಾದರೆ ವೀಸಾ ಒಬ್ಬರದ್ದು, ಪಾಸ್‌ಪೋರ್ಟ್ ಇನ್ನೊಬ್ಬರದ್ದು ಎಂಬಂತೆ ಕಾಣುತ್ತದೆ. ದುಬೈನ ಮೂರು ದಿನಕ್ಕಾಗಿ ಮ್ಯೂನಿಕ್ಕಿನ ದಾರಿಯನ್ನು ಕೆಡಿಸಿಕೊಂಡಂತಾಗುತ್ತದೆ.

ಜಾರ್ಜಿಯಾ: ನಿಯಮ ಉದಾರ, ಗಡಿ ಬಿಗಿ

ಕಾಗದದ ಮಟ್ಟಿಗೆ ಜಾರ್ಜಿಯಾ ಭಾಮೈದನನ್ನು ಬಿಟ್ಟು ನಿಮ್ಮ ನಾಲ್ವರಿಗೂ ತೆರೆದಿದೆ. ಅವರ ಪಟ್ಟಿಯಲ್ಲಿರುವ ದೇಶಗಳ ವೀಸಾ ಅಥವಾ ರೆಸಿಡೆನ್ಸ್ ಪರ್ಮಿಟ್ ಇದ್ದವರು 180 ದಿನಗಳಲ್ಲಿ 90 ದಿನ ವೀಸಾ ಇಲ್ಲದೆ ಇರಬಹುದು. ಯುರೋಪಿಯನ್ ಯೂನಿಯನ್ ದೇಶಗಳು ಪಟ್ಟಿಯಲ್ಲಿವೆ. ಒಳಗೆ ಕಾಲಿಡುವ ದಿನ ಆ ದಾಖಲೆ ಚಾಲ್ತಿಯಲ್ಲಿರಬೇಕು. ಅಪ್ಪನ ಸ್ಟಿಕ್ಕರ್ ತೆಗೆದು ನೋಡಿ: ವೀಸಾ ಶುರುವಾಗುವ ದಿನಾಂಕ ಜನವರಿ 5 ಎಂದಿದ್ದರೆ ಡಿಸೆಂಬರ್ 31ರಂದು ಟಿಬಿಲಿಸಿಯಲ್ಲಿ ಅವರ ಬಳಿ ವೀಸಾ ಇಲ್ಲ ಎಂದೇ ಅರ್ಥ. ಜೊತೆಗೆ 2026ರ ಜನವರಿ 1ರಿಂದ ಆರೋಗ್ಯ ಮತ್ತು ಅಪಘಾತ ವಿಮೆ ಕಡ್ಡಾಯವಾಗಿದೆ, ಕನಿಷ್ಠ 30,000 ಲಾರಿ (ಜಾರ್ಜಿಯಾದ ಹಣ) ಮೊತ್ತದ್ದು. ಪಾಲಿಸಿ ಇಂಗ್ಲಿಷ್ ಅಥವಾ ಜಾರ್ಜಿಯನ್ ಭಾಷೆಯಲ್ಲಿರಬೇಕು. ಷೆಂಗೆನ್‌ಗೆಂದು ಮಾಡಿಸಿದ ಪಾಲಿಸಿಯಲ್ಲಿ ಜಾರ್ಜಿಯಾದ ಹೆಸರು ಇದೆಯೇ ಎಂದು ನೋಡಿಕೊಳ್ಳಿ, ಸಾಮಾನ್ಯವಾಗಿ ಇರುವುದಿಲ್ಲ.

ಆದರೂ ಈ ದೇಶದ ವಿಷಯದಲ್ಲಿ ನಾನು ವಯಸ್ಸಾದವರಿರುವ ಗುಂಪಿಗೆ ಸುಲಭವಾಗಿ ‘ಹೂಂ’ ಎನ್ನುವುದಿಲ್ಲ. ವೀಸಾ ಬೇಡ ಎಂದರೆ ಒಳಗೆ ಬಿಡಲೇಬೇಕು ಎಂದಲ್ಲ. ಕೊನೆಯ ಮಾತು ಗಡಿ ಅಧಿಕಾರಿಯದ್ದು. ಟಿಬಿಲಿಸಿಯಲ್ಲಿ ದಾಖಲೆ ಸರಿಯಿದ್ದ ಭಾರತೀಯರನ್ನೂ ಹಿಂದಕ್ಕೆ ಕಳಿಸಿದ ಪ್ರಕರಣಗಳಿವೆ. ಹಾಗಾದಾಗ ಎಲ್ಲಿಂದ ಬಂದಿರೋ ಅಲ್ಲಿಗೆ, ಅಂದರೆ ದುಬೈಗೆ, ವಿಮಾನ ಹತ್ತಿಸುತ್ತಾರೆ. ಅಪ್ಪ-ಅಮ್ಮನ ದುಬೈ ವೀಸಾ ಸಿಂಗಲ್ ಎಂಟ್ರಿಯಾಗಿದ್ದರೆ ಹೊರಟಾಗಲೇ ಅದು ಮುಗಿದಿರುತ್ತದೆ. ಟ್ರಾನ್ಸಿಟ್ ಹಾಲ್‌ನಲ್ಲಿ ಕೂತು ಬೆಂಗಳೂರಿಗೆ ಹೊಸ ಟಿಕೆಟ್ ಹುಡುಕಬೇಕು. ಇಂಥ ನಷ್ಟವನ್ನು ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸ್ ತುಂಬಿಕೊಡುವುದಿಲ್ಲ.

ಹೋಗುವುದೇ ನಿಶ್ಚಯವಾದರೆ ನಾಲ್ವರ ಹೆಸರೂ ಇರುವ ಹೋಟೆಲ್ ಬುಕಿಂಗ್, ಟಿಬಿಲಿಸಿ–ಮ್ಯೂನಿಕ್ ಟಿಕೆಟ್, ವಿಮೆ, ನಿಮ್ಮ ಕೆಲಸದ ಪತ್ರ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ಪ್ರಿಂಟ್ ಮಾಡಿ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಸೆಟ್ ಕೊಡಿ. ಇಮಿಗ್ರೇಷನ್ ಸಾಲಿನಲ್ಲಿ ಅಪ್ಪ ಬೇರೆ ಕೌಂಟರಿಗೆ ಹೋಗಿ, ಎಲ್ಲ ಕಾಗದ ನಿಮ್ಮ ಬ್ಯಾಗಿನಲ್ಲಿ ಉಳಿದರೆ, ಪ್ರಶ್ನೆಗೆ ಉತ್ತರ ತೋಚದೆ ತಡವರಿಸುವುದನ್ನೇ ಅಧಿಕಾರಿ ಅನುಮಾನವಾಗಿ ತೆಗೆದುಕೊಳ್ಳುತ್ತಾರೆ. ಎಲ್ಲಿ ಇಳಿಯುತ್ತೇವೆ, ಎಷ್ಟು ದಿನ, ಅಲ್ಲಿಂದ ಎಲ್ಲಿಗೆ ಎಂಬ ಮೂರು ಉತ್ತರಗಳನ್ನು ಅವರಿಗೂ ಬರೆದುಕೊಟ್ಟಿರಿ. ಜಾರ್ಜಿಯಾದ ಇ-ವೀಸಾ ಕೂಡ ಇದೆ. ಮುಂಚೆಯೇ ತೆಗೆದುಕೊಂಡರೆ ಕೌಂಟರಿನಲ್ಲಿ ವಾದ ಮಾಡುವ ಪ್ರಮೇಯ ಕಡಿಮೆಯಾಗುತ್ತದೆ, ಗಡಿಯಲ್ಲಿ ಮಾತ್ರ ಅದೂ ಖಾತ್ರಿಯಲ್ಲ.

ಅಪ್ಪನ ಸಿಂಗಲ್ ಎಂಟ್ರಿ ಬಗ್ಗೆ ಇನ್ನೊಂದು ಮಾತು. ಮ್ಯೂನಿಕ್ ಸೇರಿದ ಮೇಲೆ ‘ಇಷ್ಟು ಹತ್ತಿರ ಬಂದಿದ್ದೇವೆ, ಸರ್ಬಿಯಾ, ಅಲ್ಬೇನಿಯಾ ನೋಡಿ ಬರೋಣ’ ಎಂದು ಹೊರಡಬೇಡಿ. ನಿಮ್ಮ ಪರ್ಮಿಟ್‌ಗೆ ಎರಡೂ ದೇಶ 90 ದಿನದವರೆಗೆ ತೆರೆದಿವೆ. ಅಮ್ಮನ ಮಲ್ಟಿಪಲ್ ಎಂಟ್ರಿಯನ್ನು ಒಮ್ಮೆ ಬಳಸಿದ ಮೇಲೆ ಅಲ್ಬೇನಿಯಾ ಅದನ್ನೂ ಒಪ್ಪುತ್ತದೆ. ಆದರೆ ಅಪ್ಪ ಷೆಂಗೆನ್ ಗಡಿ ದಾಟಿದ ಗಳಿಗೆಗೆ ಅವರ ವೀಸಾ ಸತ್ತಂತೆ. ಸ್ಟಿಕ್ಕರಿನಲ್ಲಿ ಇನ್ನೂ ಇಪ್ಪತ್ತು ದಿನ ಉಳಿದಿದೆ ಎಂದು ಕಂಡರೂ ಮ್ಯೂನಿಕ್‌ಗೆ ಮರಳಲು ಆಗುವುದಿಲ್ಲ.

ಭಾಮೈದನಿಗೆ ತಕ್ಷಣ ಫೋನ್ ಮಾಡಿ

ಐದು ಜನರಲ್ಲಿ ಅತಿ ಹೆಚ್ಚು ಕಳೆದುಕೊಳ್ಳುವ ಸ್ಥಿತಿಯಲ್ಲಿರುವವರು ಅವರು. ಐ-797 ಅಮೆರಿಕದಲ್ಲಿ ಇದ್ದು ಕೆಲಸ ಮಾಡಲು ಕೊಟ್ಟ ಮಂಜೂರಾತಿ ಪತ್ರ, ಅಷ್ಟೆ. ಅದು ವೀಸಾ ಅಲ್ಲ. ಅದನ್ನು ನೋಡಿ ಟಿಬಿಲಿಸಿಯ ವಿಮಾನ ಹತ್ತಿಸುತ್ತಾರೆಂದು ನೆಚ್ಚಿಕೊಳ್ಳುವ ಹಾಗಿಲ್ಲ. ಹೇಗೋ ಹೋದರು ಎಂದುಕೊಂಡರೂ ವಾಪಸ್ ಬರಲು ಪಾಸ್‌ಪೋರ್ಟ್‌ನಲ್ಲಿ ಚಾಲ್ತಿ ವೀಸಾ ಬೇಕು. ಸ್ಟ್ಯಾಂಪ್ ಮುಗಿದಿದ್ದರೂ ಐ-94 (ಅಮೆರಿಕ ಪ್ರವೇಶಿಸಿದಾಗ ಸಿಗುವ, ಎಲ್ಲಿಯವರೆಗೆ ಇರಬಹುದೆಂಬ ದಾಖಲೆ) ಚಾಲ್ತಿಯಲ್ಲಿದ್ದರೆ ಕೆನಡಾ ಅಥವಾ ಮೆಕ್ಸಿಕೊಗೆ 30 ದಿನದೊಳಗೆ ಹೋಗಿಬರಲು ಬಿಡುವ ‘ಆಟೊಮ್ಯಾಟಿಕ್ ವೀಸಾ ರೀವ್ಯಾಲಿಡೇಷನ್’ ಎಂಬ ಸೌಲಭ್ಯವಿದೆ. ಎಚ್-1ಬಿ ಮೇಲಿರುವವರಿಗೆ ಅದು ಆ ಎರಡು ದೇಶಗಳಿಗೆ ಮಾತ್ರ. ಅಲ್ಲೂ ಒಂದು ಬಿಗಿ ಇದೆ: ಅಮೆರಿಕದ ಸ್ಟ್ಯಾಂಪ್ ಮುಗಿದಿದ್ದರೆ ಮೆಕ್ಸಿಕೊ ಒಳಗೆ ಬಿಡಲು ತನ್ನದೇ ವೀಸಾ ಕೇಳುತ್ತದೆ, ಕೆನಡಾವಂತೂ ಎಚ್-1ಬಿ ಇದ್ದವರಿಗೆ ಯಾವಾಗಲೂ ಕೇಳುತ್ತದೆ. ಅಲ್ಲಿದ್ದಾಗ ಹೊಸ ಅಮೆರಿಕ ವೀಸಾಗೆ ಅರ್ಜಿ ಹಾಕಿದರೆ ಈ ಸೌಲಭ್ಯವೂ ಕೈತಪ್ಪುತ್ತದೆ. 2025ರ ಸೆಪ್ಟೆಂಬರ್‌ನಿಂದ ಅಮೆರಿಕದ ಪ್ರವಾಸಿ, ಉದ್ಯೋಗ ಮುಂತಾದ ವೀಸಾಗಳ ಸಂದರ್ಶನವನ್ನು ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲೇ ಮುಗಿಸಬೇಕೆಂಬ ಸೂಚನೆ ಇರುವುದರಿಂದ, ಜಾರ್ಜಿಯಾದಲ್ಲಿ ಸ್ಟ್ಯಾಂಪಿಂಗ್ ಮಾಡಿಸುವ ಲೆಕ್ಕಾಚಾರವೂ ಬೇಡ. ಐದು ದಿನದ ತಿರುಗಾಟಕ್ಕೆ ಹೊರಟು ತಿಂಗಳುಗಟ್ಟಲೆ ಕೆಲಸದಿಂದ ದೂರ ಉಳಿಯುವ ಪರಿಸ್ಥಿತಿ ಬರಬಹುದು. ಈ ಸಲ ಅವರು ಬರುವುದು ಬೇಡ.

ಕೌಂಟರಿನಲ್ಲಿ ಯಾಕೆ ತಡೆಯುತ್ತಾರೆ?

ಸರಿಯಾದ ದಾಖಲೆ ಇಲ್ಲದ ಪ್ರಯಾಣಿಕರನ್ನು ಕರೆದೊಯ್ದರೆ ಏರ್‌ಲೈನ್‌ಗೆ ದಂಡ ಬೀಳುತ್ತದೆ, ವಾಪಸ್ ತರುವ ಹೊಣೆಯೂ ಅವರದೇ. ಹಾಗಾಗಿ ನಿಮ್ಮ ದಾಖಲೆಗೆ ಮೊದಲ ತೀರ್ಪು ಕೊಡುವವರು ಚೆಕ್‌-ಇನ್ ಸಿಬ್ಬಂದಿ. ಅವರು ಟಿಮ್ಯಾಟಿಕ್ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ಪೌರತ್ವ, ಹೋಗುವ ದೇಶ, ಪರ್ಮಿಟ್ ಕೊಟ್ಟ ದೇಶ, ಅದರ ಅವಧಿ ಎಲ್ಲವನ್ನೂ ಹಾಕಿ ನೋಡುತ್ತಾರೆ. ‘ರೆಸಿಡೆನ್ಸ್ ಪರ್ಮಿಟ್’ ಎಂದು ಆಯ್ಕೆ ಮಾಡುವ ಬದಲು ‘ವೀಸಾ’ ಎಂದು ಒತ್ತಿದರೆ ಉತ್ತರವೇ ಬೇರೆ ಬರಬಹುದು. ನಿಲ್ಲಿಸಿದರೆ ದನಿ ಏರಿಸಬೇಡಿ. ಟಿಮ್ಯಾಟಿಕ್‌ನಲ್ಲಿ ಏನೆಂದು ಬಂದಿದೆ ಓದಿ ಹೇಳಿ ಎಂದು ಕೇಳಿ, ಪರ್ಮಿಟ್ ಎಂದು ಹಾಕಿ ಇನ್ನೊಮ್ಮೆ ನೋಡಲು ವಿನಂತಿಸಿ, ಆಗಲೂ ಆಗದಿದ್ದರೆ ಡ್ಯೂಟಿ ಮ್ಯಾನೇಜರ್‌ನನ್ನು ಕರೆಸಿ. ಆ ದೇಶದ ಅಧಿಕೃತ ಪುಟದ ಪ್ರಿಂಟ್ ಕೈಯಲ್ಲಿರಲಿ. ಇದಕ್ಕೆಲ್ಲ ಸಮಯ ಬೇಕು. ವಿಜಯನಗರದಿಂದ ದೇವನಹಳ್ಳಿಗೆ ಸಿಗುವ ಟ್ರಾಫಿಕ್ಕನ್ನೂ ಸೇರಿಸಿ, ವಿಮಾನಕ್ಕೆ ನಾಲ್ಕು ಗಂಟೆ ಮೊದಲೇ ಟರ್ಮಿನಲ್‌ನಲ್ಲಿರಿ.

ಕಾರ್ಡ್ ಮೂಲ ಪ್ರತಿಯೇ ಇರಬೇಕು. ಫೋಟೊ, ಜೆರಾಕ್ಸ್ ಯಾವುದೂ ಆಗುವುದಿಲ್ಲ. ಬ್ರಿಟನ್‌ನಲ್ಲಿರುವ ನಮ್ಮವರು ಈಗ ಒದ್ದಾಡುತ್ತಿರುವುದೂ ಇಲ್ಲೇ: 2024ರ ಕೊನೆಗೆ ಅಲ್ಲಿನ ವಾಸದ ಪರವಾನಗಿಯಾದ ಬಿಆರ್‌ಪಿ ಕಾರ್ಡ್‌ಗಳು ಮುಗಿದು ಎಲ್ಲವೂ ಇ-ವೀಸಾ ಆಗಿದೆ. ಟರ್ಕಿ ತನ್ನ ಇ-ವೀಸಾಗೆ ಬೆಂಬಲ ದಾಖಲೆಯಾಗಿ ಇಂಥ ಎಲೆಕ್ಟ್ರಾನಿಕ್ ವೀಸಾಗಳನ್ನು ಒಪ್ಪುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು

ನನ್ನನ್ನು ಕೇಳಿದರೆ ಡಿಸೆಂಬರ್ 28ಕ್ಕೆ ಬೆಂಗಳೂರು–ಮ್ಯೂನಿಕ್ ನೇರ ವಿಮಾನ ಹಿಡಿಯಿರಿ. ಹೆಸರಿನ ತೊಡಕು, ಆರು ತಿಂಗಳ ತೊಡಕು, ಟಿಬಿಲಿಸಿಯ ಅನಿಶ್ಚಿತತೆ ಒಂದೇ ಏಟಿಗೆ ಹೋಗುತ್ತವೆ. ಸುತ್ತಾಟವನ್ನು ಷೆಂಗೆನ್ ಒಳಗೇ ಇಟ್ಟುಕೊಳ್ಳಿ. ಸಾಲ್ಸ್‌ಬರ್ಗ್, ಪ್ರಾಗ್, ವೆನಿಸ್ ಎಲ್ಲಕ್ಕೂ ನಾಲ್ವರ ದಾಖಲೆಯೂ ಸಾಕು, ಅಪ್ಪನ ಸಿಂಗಲ್ ಎಂಟ್ರಿಯೂ ಸೇರಿ. ಅಪ್ಪನ ಸ್ಟಿಕ್ಕರಿನಲ್ಲಿ ವೀಸಾದ ಅವಧಿ ಬೇರೆ, ಇರಬಹುದಾದ ದಿನಗಳ ಸಂಖ್ಯೆ ಬೇರೆ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದಕ್ಕೆ ಮುಂಚೆ ಹೊರಡಬೇಕು. ಮ್ಯೂನಿಕ್‌ನಲ್ಲಿ ಇಳಿದಾಗ ಅಪ್ಪ-ಅಮ್ಮನ ಮುಖದ ಫೋಟೊ ತೆಗೆದು ಹೊಸ ಎಂಟ್ರಿ-ಎಕ್ಸಿಟ್ ವ್ಯವಸ್ಥೆಯಲ್ಲಿ ದಾಖಲಿಸುತ್ತಾರೆ. ಪರ್ಮಿಟ್ ಇರುವ ನಿಮ್ಮಿಬ್ಬರಿಗೆ ಅದು ಇಲ್ಲ, ಆದ್ದರಿಂದ ಸಾಲು ಬೇರೆಯಾಗಬಹುದು ಎಂದು ಅವರಿಗೆ ಮೊದಲೇ ಹೇಳಿಡಿ.

ದುಬೈ ಬಿಡಲು ಮನಸ್ಸಿಲ್ಲದಿದ್ದರೆ ನಾಲ್ವರಿಗೂ ಮುಂಗಡ ವೀಸಾ, ಅಪ್ಪನ ಬಗ್ಗೆ ಏರ್‌ಲೈನ್‌ನ ಲಿಖಿತ ಒಪ್ಪಿಗೆ, ಅಲ್ಲಿಂದ ನೇರ ಮ್ಯೂನಿಕ್. ಇದು ಮಧ್ಯಮ ಅಪಾಯದ ದಾರಿ. ಜಾರ್ಜಿಯಾವನ್ನು ನೀವಿಬ್ಬರೇ ಇನ್ನೊಂದು ಸಲ ಮ್ಯೂನಿಕ್‌ನಿಂದ ನೋಡಿಬನ್ನಿ. ಆಗ ಗಡಿಯಲ್ಲಿ ಬೇಡವೆಂದರೂ ವಾಪಸ್ ಸೇರುವುದು ನಿಮ್ಮ ಮನೆಯನ್ನೇ.

ಕಾರ್ಡ್ ನವೀಕರಣದ ಬಗ್ಗೆ ಎಚ್ಚರ. ಅವಧಿ ಮುಗಿಯುವ ಮೊದಲು ಅರ್ಜಿ ಹಾಕಿದರೆ ಹೊಸ ಕಾರ್ಡ್ ಬರುವವರೆಗೆ ಫಿಕ್ಷನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಕೊಡಬಹುದು. ಅದರಲ್ಲಿ ಯಾವ ಕಲಮಿಗೆ ಗುರುತು ಹಾಕಿದ್ದಾರೆ ನೋಡಿ. ಜರ್ಮನಿಯ ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಮಾದರೆ ಜರ್ಮನಿಗೆ ಮರಳಿ ಬರಬಹುದು, 3ನೆಯದಾದರೆ ಹೊರಗೆ ಹೋದವರು ಅದರ ಮೇಲೆ ಮರಳಲು ಆಗುವುದಿಲ್ಲ. ಯಾವುದೇ ಆಗಿರಲಿ, ದುಬೈ, ಟಿಬಿಲಿಸಿಗಳಲ್ಲಿ ಆ ಪತ್ರವನ್ನು ರೆಸಿಡೆನ್ಸ್ ಪರ್ಮಿಟ್ ಎಂದು ತೋರಿಸಲು ಹೋಗಬೇಡಿ.

ನಿಮ್ಮ ಪತ್ರದಲ್ಲಿ ಕೇಳದೆ ಬಿಟ್ಟ ಒಂದು ವಿಷಯವನ್ನೂ ಹೇಳಬೇಕು. ಬ್ಲೂ ಕಾರ್ಡ್ ಇರುವವರು ಪಿಂಚಣಿ ವಂತಿಗೆ ಕಟ್ಟುತ್ತಾ 27 ತಿಂಗಳು ಕೆಲಸ ಮಾಡಿದ್ದರೆ, ಎ1 (ಆರಂಭಿಕ) ಮಟ್ಟದ ಜರ್ಮನ್ ಭಾಷೆ ಬಂದರೆ, ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಬಿ1 (ಮಧ್ಯಮ) ಮಟ್ಟ ಇದ್ದರೆ 21 ತಿಂಗಳೇ ಸಾಕು. ನಿಮಗೆ ಮೂರು ವರ್ಷ ತುಂಬಿದೆ. ಅಂದಮೇಲೆ ಏಪ್ರಿಲ್‌ಗೆ ಬ್ಲೂ ಕಾರ್ಡನ್ನೇ ನವೀಕರಿಸುವ ಬದಲು ನೇರವಾಗಿ ಇದಕ್ಕೇ ಅರ್ಜಿ ಹಾಕಿ. ಹೆಂಡತಿಯದ್ದನ್ನು ಮಾತ್ರ ಅವರ ಷರತ್ತಿಗೆ ತಕ್ಕಂತೆ ಬೇರೆಯಾಗಿ ನವೀಕರಿಸಿಕೊಳ್ಳಬೇಕು. ಬೆಂಗಳೂರಿಗೆ ಹೊರಡುವ ಮೊದಲೇ ಮ್ಯೂನಿಕ್‌ನ ವಿದೇಶಿಯರ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಕೇಳಿಟ್ಟಿರಿ, ದಿನ ಸಿಗುವುದಕ್ಕೇ ಅಲ್ಲಿ ವಾರಗಳು ಹಿಡಿಯುತ್ತವೆ.